ಸಾಲಿ ಎಂಬ ಬೈಗುಳ

ಧಾರವಾಡದವರಿಗೆ ಕನ್ನಡದ ವಿಷಯದಲ್ಲಿ ತುಸು ಸೊಕ್ಕು. ನಮ್ಮೂರಲ್ಲಿ ಕಲ್ಲು ಒಗೆದರೆ ಅದು ಕವಿಯ ಮನೆಯ ಮೇಲೇ ಬೀಳುತ್ತದೆ ಎಂದು ಹೇಳಿಕೊಂಡು ತಿರುಗುವ ಜನ ನಾವು. ನನ್ನ ಗಂಡ ಹುಬ್ಬಳ್ಳಿಯವರು. "ಬಿದ್ರೂ ಅವರಿಗೆ ಗೊತ್ತಾಗೂದಿಲ್ಲ ಬಿಡು, ಮಧ್ಯಾಹ್ನ ನಿಮ್ಮೂರಾಗ ಎಲ್ಲಾರೂ ಮಲಗಿರ್ತಾರ" ಎನ್ನುವುದು ಅವರ ಉತ್ತರ. ನಿಮ್ಮೂರಲ್ಲಿ ಧೂಳು ಮತ್ತು ವ್ಯಾಪಾರ ಬಿಟ್ಟರೆ ಇನ್ನೇನಿದೆ ಎಂದು ನಾನು ಕೇಳುತ್ತೇನೆ. ಮದುವೆಯಾದಾಗಿನಿಂದ ಈ ಜಗಳ ನಡೆದೇ ಇದೆ. ಇದಿಲ್ಲದಿದ್ದರೆ ನಮ್ಮಿಬ್ಬರಿಗೂ ಊಟ ರುಚಿಸುವುದಿಲ್ಲ.

ಅವರಿಗೆ ಬೆಂಗಳೂರಿಗೆ ವರ್ಗವಾದಾಗ ನಾನು ಧಾರವಾಡದ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಕೆಲಸ ಬಿಟ್ಟು, ಮಗನನ್ನೂ ಕರೆದುಕೊಂಡು ಹೊರಟೆ. "ಬೆಂಗ್ಳೂರಾಗ ಕನ್ನಡ ಎಲ್ಲೈತಿ? ನೀ ಹೋಗಿ ಕಲಿಸಿದ್ರ ಪುಣ್ಯಾ ಬರತೈತಿ" ಎಂದು ನಮ್ಮ ಚಿಕ್ಕಮ್ಮ ಆಶೀರ್ವಾದ ಮಾಡಿ ಕಳಿಸಿದರು. ನಾನೂ ಅದನ್ನು ನಂಬಿಕೊಂಡೇ ರೈಲು ಹತ್ತಿದೆ.

ಪುಣ್ಯ ಸಂಪಾದನೆ ಕಗ್ಗದಾಸಪುರದಲ್ಲಿ ಮನೆ ನೋಡಲು ಹೋದ ದಿನವೇ ಶುರುವಾಯಿತು. ಮೊದಲ ಮಹಡಿಯ ಮನೆ, ಎರಡು ಕಡೆ ಕಿಟಕಿ, ಒಳ್ಳೆಯ ಗಾಳಿ. ನನಗೆ ಖುಷಿಯಾಗಿ, "ಮನಿ ಭಾಳ ಚಲೋ ಐತ್ರಿ" ಎಂದೆ. ಓನರ್ ಹೆಂಗಸು ತಮ್ಮ ಗಂಡನ ಕಡೆ ತಿರುಗಿ, "ಹಿಂದಿಯೋರು ಕಣ್ರೀ" ಎಂದರು. ಆಮೇಲೆ ನನ್ನತ್ತ ನೋಡಿ, ಎಳೆ ಮಗುವಿಗೆ ಹೇಳುವಷ್ಟು ನಿಧಾನವಾಗಿ, "ಕಿತ್ನಾ ಆದ್ಮೀ?" ಎಂದು ಮನೆಯಲ್ಲಿ ಎಷ್ಟು ಜನವೆಂಬುದನ್ನು ಕೇಳಿದರು.

ಮೈಯೆಲ್ಲ ಉರಿದುಹೋಯಿತು. "ಅಕ್ಕಾರ, ನಾ ಕನ್ನಡಾನ ಮಾತಾಡಾಕತ್ತೀನ್ರಿ" ಎಂದೆ.

"ಇದು ಕನ್ನಡಾನಾ?" ಎಂದರು ಅವರು. ಹಂಗಿಸಲು ಕೇಳಿದ್ದಲ್ಲ, ನಿಜವಾಗಿಯೂ ಗೊತ್ತಾಗದೆ ಕೇಳಿದ್ದು. ಅದಕ್ಕೇ ಹೆಚ್ಚು ಸಿಟ್ಟು ಬಂತು.

ನಾನು ಕನ್ನಡ ಟೀಚರ್ ಎಂದು ತಿಳಿದ ಮೇಲೆ ಅವರು ಸೆರಗು ಬಾಯಿಗೆ ಹಿಡಿದು ನಕ್ಕರು. ಮನೆ ಕೊಟ್ಟರು. ಅವರದು ಆ ಊರಿನ ಹಳೆಯ ಒಕ್ಕಲು ಮನೆತನ. ಈಗ ಪೀಜಿ ಎದ್ದಿರುವ ಜಾಗ, ಜಿಮ್ ಇರುವ ಜಾಗ, ಎಲ್ಲ ಒಂದು ಕಾಲಕ್ಕೆ ಅವರ ಮಾವನವರ ರಾಗಿ ಹೊಲ. "ನಾನು ಎಲ್ಗೂ ಹೋಗ್ಲಿಲ್ಲ ಟೀಚರಮ್ಮ, ಬೆಂಗ್ಳೂರೇ ನಮ್ಮನೆ ಬಾಗ್ಲಿಗೆ ಬಂತು" ಎನ್ನುತ್ತಿದ್ದರು. ಬಂದವರೆಲ್ಲರ ಬಗ್ಗೆಯೂ ಅವರ ಬಳಿ ಒಂದೊಂದು ತೀರ್ಪು ಸಿದ್ಧವಿತ್ತು. ಮೈಸೂರಿನವರು ಬಾಯಲ್ಲಿ ಬೆಲ್ಲ, ಕೈ ಮಾತ್ರ ಬಿಗಿ. ಮಂಗಳೂರಿನವರು ಪುಸ್ತಕ ಓದಿದ ಹಾಗೆ ಮಾತಾಡ್ತಾರೆ. ನಮ್ಮ ಕಡೆಯವರು ಮಾತಾಡಿದರೆ ಜಗಳವೋ ಕುಶಲವೋ ಗೊತ್ತಾಗುವುದಿಲ್ಲ. ಧಾರವಾಡವೆಂದು ಎಷ್ಟು ಹೇಳಿದರೂ ಅವರ ಪಾಲಿಗೆ ನಾವು ಹುಬ್ಳಿಯವರೇ ಆಗಿದ್ದೆವು. ನನ್ನ ಗಂಡನಿಗೆ ಇದಕ್ಕಿಂತ ದೊಡ್ಡ ಸಂತೋಷ ಬೇರೆ ಇರಲಿಲ್ಲ.

ಕೆಲಸ ಮಾತ್ರ ಸುಲಭಕ್ಕೆ ಸಿಗಲಿಲ್ಲ. ಇಂದಿರಾನಗರದ ಒಂದು ಶಾಲೆಯಲ್ಲಿ ಸಂದರ್ಶನ ಮಾಡಿದವರು, ನಿಮ್ಮ ಕನ್ನಡ ಸ್ವಲ್ಪ ರಫ್ ಇದೆ ಎಂದರು. ಮಾರತ್ತಹಳ್ಳಿಯ ಇನ್ನೊಂದು ಕಡೆ, ಪೇರೆಂಟ್ಸ್‌ಗೆ ಬೆಂಗಳೂರು ಕನ್ನಡವೇ ಬೇಕು ಎಂದರು. ಧಾರವಾಡದವಳಿಗೆ ಕನ್ನಡ ಸಾಲದು ಎನ್ನುವುದೆಂದರೆ! ಮನೆಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಕಡೆಗೆ ಲಿಂಗರಾಜಪುರದ ಒಂದು ಶಾಲೆ ನನ್ನನ್ನು ಒಂದು ವರ್ಷದ ಪ್ರೊಬೇಷನ್ ಮೇಲೆ ತೆಗೆದುಕೊಂಡಿತು. ಪ್ರಿನ್ಸಿಪಾಲರು ಹಳೆಯ ಕಂಟೋನ್ಮೆಂಟಿನ ತಮಿಳು ಮನೆಯವರು, ಮೆಲುಮಾತಿನ ಹೆಂಗಸು. "ನನ್ನ ಕನ್ನಡಾನೂ ಸುಮಾರೇ, ನೀವು ನನ್ನನ್ನ ತಿದ್ದಬೇಕು" ಎಂದು ನಕ್ಕು ಸೇರಿಸಿಕೊಂಡರು. ಆ ಕೆಲಸವೊಂದಿದ್ದರೆ ಈ ಊರಿನಲ್ಲಿ ನಾನು ಯಾರೋ ಆಗಿರುತ್ತೇನೆ, ಇಲ್ಲದಿದ್ದರೆ ಬರೀ ಮೇಲಿನ ಮನೆಯ ಬಾಡಿಗೆಯವಳು. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ನನ್ನ ತರಗತಿಯ ಮಕ್ಕಳ ಮನೆಗಳಲ್ಲಿ ತಮಿಳು, ದಖನಿ ಉರ್ದು, ತೆಲುಗು, ಮಲಯಾಳ. ಕನ್ನಡ ಅವರ ಕಿವಿಗೆ ಸರಿಯಾಗಿ ಬೀಳುತ್ತಿದ್ದದ್ದು ನನ್ನ ಪಿರಿಯಡ್ಡಿನಲ್ಲೇ. ಬೋರ್ಡಿನ ಮೇಲೆ ಪುಸ್ತಕದ ಕನ್ನಡ ಬರೆಯುತ್ತಿದ್ದೆ. ಆದರೆ ಮಕ್ಕಳನ್ನು ಕರೆಯುವಾಗ, ಗದರುವಾಗ, ಮುದ್ದು ಮಾಡುವಾಗ ಬಾಯಿಗೆ ಬರುತ್ತಿದ್ದದ್ದು ನನ್ನ ಅವ್ವನ ಕನ್ನಡ. ಮಕ್ಕಳು ನಗುತ್ತಿದ್ದರು. ನಾಲ್ಕನೇ ತರಗತಿಯ ಮುಂದಿನ ಬೆಂಚಿನಲ್ಲಿ ಶಿವಾಜಿನಗರದಿಂದ ಬರುವ ಒಬ್ಬ ಹುಡುಗಿ ಮಾತ್ರ ನಗುತ್ತಲೂ ಇರಲಿಲ್ಲ, ಮಾತಾಡುತ್ತಲೂ ಇರಲಿಲ್ಲ. ಪ್ರಶ್ನೆ ಕೇಳಿದರೆ ಎದ್ದು ನಿಂತು ನನ್ನ ಬಾಯನ್ನೇ ನೋಡುತ್ತಿದ್ದಳು. ಅವಳಿಗೆ ನನ್ನ ಭಾಷೆ ಹತ್ತುತ್ತಿಲ್ಲವೋ ಅಥವಾ ನಾನೇ ಸೇರುವುದಿಲ್ಲವೋ ಎಂದು ನಾನು ತಲೆ ಕೆಡಿಸಿಕೊಂಡಿದ್ದೆ.

ವರ್ಷ ಮುಗಿಯುತ್ತ ಬಂದಿತ್ತು. ಒಂದು ಶುಕ್ರವಾರ ಪ್ರಿನ್ಸಿಪಾಲರು ಕರೆಸಿದರು. ಅವರ ಮುಖದಲ್ಲಿ ನಗೆಯಿರಲಿಲ್ಲ. "ಒಬ್ಬ ತಾಯಿ ಫೋನ್ ಮಾಡಿದ್ರು. ನೀವು ಕ್ಲಾಸಲ್ಲಿ ಹೆಣ್ಮಕ್ಕಳಿಗೆ ಕೆಟ್ಟ ಮಾತು ಬೈತೀರಂತೆ."

"ಏನ್ ಬೈದೀನಂತ್ರಿ?"

"ಆ ಮಾತು ನನ್ನ ಬಾಯಲ್ಲಿ ಹೇಳಲ್ಲ. ಸೋಮವಾರ ಅವರು ಬರ್ತಾರೆ, ನೀವೂ ಬನ್ನಿ. ಇದು ನಿಜ ಆಗಿದ್ರೆ ನಿಮ್ಮನ್ನ ಕನ್ಫರ್ಮ್ ಮಾಡೋದು ನನ್ನ ಕೈಲಿ ಆಗಲ್ಲ."

ತಾಯಿ ಯಾರೆಂದು ಕೇಳಿದೆ. ಮುಂದಿನ ಬೆಂಚಿನ ಆ ಹುಡುಗಿಯ ತಾಯಿ.

ಬಸ್ಸಿನಲ್ಲಿ ಕೂತು ಒಂದೊಂದೇ ದಿನವನ್ನು ನೆನಪು ಮಾಡಿಕೊಂಡೆ. ಬೈದಿಲ್ಲವೆಂದು ನನಗೆ ಗೊತ್ತು. ಆದರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಎಲ್ಲೋ ಬಾಯಿ ಜಾರಿರಬಹುದೇ ಎಂದು ಹುಡುಕಿದೆ. ಗಂಡನಿಗೆ ಹೇಳಿದಾಗ ಅವರು ಹುಬ್ಬಳ್ಳಿ ಧಾರವಾಡ ಏನೂ ಎತ್ತಲಿಲ್ಲ, ಸುಮ್ಮನೆ ನನ್ನ ಪಕ್ಕ ಕೂತರು. ಸೋಮವಾರ ನಾನಾಗಿಯೇ ಬಿಟ್ಟುಬರುತ್ತೇನೆ, ಬಿಡಿಸಿಕೊಳ್ಳುವ ಅವಮಾನ ಬೇಡ ಎಂದು ತೀರ್ಮಾನ ಮಾಡಿದೆ. ಇನ್ನು ಮೇಲೆ ಈ ಊರಿನಲ್ಲಿ ಎಲ್ಲಿ ಕಲಿಸಿದರೂ ಅಚ್ಚಾದ ಪುಸ್ತಕದ ಹಾಗೆ ಮಾತಾಡುವುದು, ಇಲ್ಲವೇ ಕಲಿಸುವುದನ್ನೇ ಬಿಡುವುದು.

ಶನಿವಾರ ನನಗೆ ರಜೆ. ಬೆಳಗ್ಗೆ ಮಗನನ್ನು ಮೆಲ್ಲಗೆ ಎಬ್ಬಿಸಿ ಅವನ ಶಾಲೆಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಕೆಳಗಿನ ಓನರ್ ಅಕ್ಕ ಕೈಯಲ್ಲಿ ಅವರೆಕಾಯಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದರು.

"ಏನ್ ಟೀಚರಮ್ಮ, ಇವತ್ತು ಮೇಲ್ಗಡೆ ಸದ್ದೇ ಇಲ್ಲ? ಹುಷಾರಿಲ್ವಾ?"

ಹೇಳಬಾರದು ಅಂದುಕೊಂಡಿದ್ದೆ. ಹೇಳಿಬಿಟ್ಟೆ, ಅಳುತ್ತ ಹೇಳಿದೆ. ಯಾವ ಮಾತೆಂದೇ ಗೊತ್ತಿಲ್ಲ ಅಕ್ಕಾರ, ಅದನ್ನಾದರೂ ಹೇಳಬೇಕಿತ್ತಲ್ಲ ಎಂದೆ. ಅಕ್ಕ ಅವರೆಕಾಯಿಯನ್ನು ಕಟ್ಟೆಯ ಮೇಲಿಟ್ಟು, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಅಯ್ಯೋ ನಿಮ್ಮ! ಸಾಲಿ ಅಂದಿರ್ತೀರಾ ಕಣಮ್ಮ! ದಿನಾ ಬೆಳಗ್ಗೆ ಎದ್ರೆ ಸಾಲಿ ಸಾಲಿ ಅಂತ ಕೂಗ್ತೀರಲ್ಲಾ. ನೀವು ಬಂದ ಹೊಸದ್ರಲ್ಲಿ ನಾನೂ ಹಂಗೇ ಅಂದ್ಕೊಂಡಿದ್ದೆ. ಟೀಚರ್ ಅಂತಾರೆ, ಹೊತ್ತು ಹುಟ್ಟೋಕೆ ಮುಂಚೆ ಹಿಂದೀಲಿ ಬೈತಾರಲ್ಲಪ್ಪಾ ಅಂತ. ಆಮೇಲೆ ನಿಮ್ಮ ಹುಡುಗನ್ನೇ ಕೇಳಿ ತಿಳ್ಕೊಂಡೆ, ಸಾಲಿ ಅಂದ್ರೆ ಸ್ಕೂಲು ಅಂತ."

ಸಾಲಿ! ನಮ್ಮ ಕಡೆ ಹುಟ್ಟಿದ ಯಾವ ಮಗುವೂ ಶಾಲೆಗೆ ಹೋಗುವುದಿಲ್ಲ, ಸಾಲಿಗೇ ಹೋಗುತ್ತದೆ. ಅದೇ ಮಾತು ಹಿಂದಿ, ದಖನಿಯಲ್ಲಿ ಹೆಂಡತಿಯ ತಂಗಿ, ಬಾಯಿ ಬಿಟ್ಟು ಬೈದರೆ ಹೊಲಸು ಬೈಗುಳ. ಹೊತ್ತಾಗಿ ಬಂದ ಹೆಣ್ಣುಮಕ್ಕಳನ್ನು ಬಾಗಿಲಲ್ಲಿ ನಿಲ್ಲಿಸಿ ನಾನು ದಿನವೂ ಸಾಲಿ ಸಾಲಿ ಎಂದಿದ್ದೇನೆ!

ನಗು ನಿಂತ ಮೇಲೆ ಅಕ್ಕನಿಗೆ ಸಿಟ್ಟು ಬಂತು. "ನಾವು ನಿಮ್ಮ ಮಾತು ಆಡ್ಕೊಂಡು ನಗ್ತೀವಿ, ಅದು ಬೇರೆ. ಅದಕ್ಕೆ ಕೆಲಸ ಕಿತ್ಕೊಂಡು ಹೊಟ್ಟೆ ಮೇಲೆ ಹೊಡೀತಾರಾ? ಸೋಮವಾರ ನಾನೂ ಬರ್ತೀನಿ."

ಬೇಡವೆಂದೆ. ಕೇಳುವವರಲ್ಲ ಅವರು. ಸೋಮವಾರ ಮದುವೆಮನೆಗೆ ಹೊರಟವರ ಹಾಗೆ ರೇಷ್ಮೆ ಸೀರೆ ಉಟ್ಟು, ನನಗಿಂತ ಮೊದಲೇ ಆಟೋ ಹತ್ತಿ ಕೂತಿದ್ದರು. ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ. ಈ ಊರಿನವರ ಬಗ್ಗೆ ನಮ್ಮ ಕಡೆ ಏನೇನೋ ಹೇಳುತ್ತಾರೆ: ನೀರು ಕೊಡುವ ಮೊದಲು ಬಾಡಿಗೆ ಕೇಳುತ್ತಾರೆ, ಪಕ್ಕದ ಮನೆಯಲ್ಲಿ ಯಾರಿದ್ದಾರೆಂದು ತಿಳಿದಿರುವುದಿಲ್ಲ. ಈಗ ಯಾರಾದರೂ ನನ್ನೆದುರು ಹಾಗೆ ಅಂದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಆ ಹೆಂಗಸಿನ ಋಣ ನನ್ನ ಮೇಲಿದೆ, ಅದನ್ನು ತೀರಿಸಬೇಕೆಂದೂ ನನಗನ್ನಿಸುವುದಿಲ್ಲ.

ಪ್ರಿನ್ಸಿಪಾಲರ ಕೋಣೆಯಲ್ಲಿ ಹುಡುಗಿಯ ತಾಯಿ ಆಗಲೇ ಕೂತಿದ್ದರು. ಎಳೆ ವಯಸ್ಸು, ದಣಿದ ಕಣ್ಣು. ನನ್ನನ್ನು ಕಂಡೊಡನೆ ಎದ್ದು ನಿಂತರು. "ನಮ್ ಮನೇಲಿ ನಾವು ಯಾರೂ ಬೈಯೋದಿಲ್ಲ ಮೇಡಂ. ಬಚ್ಚಿ ಬಾಯಲ್ಲಿ ಅಂಥಾ ಮಾತು ಬಂದ್ರೆ ತಾಯಿಗೆ ಹೆಂಗಾಗ್ಬೇಕು ಹೇಳಿ. ಕಲಿಸೋರೇ ಹಿಂಗಂದ್ರೆ?" ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ನಾನಾಗಿದ್ದರೂ ಹಾಗೇ ಬರುತ್ತಿದ್ದೆ.

ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮ ಅಕ್ಕ ಮುಂದೆ ಬಂದರು. "ಸಾಲಿ ಅಂದ್ರಾ? ಅದೇ ತಾನೇ?" ಪ್ರಿನ್ಸಿಪಾಲರು ಕಣ್ಣು ಮುಚ್ಚಿಕೊಂಡರು. "ಕೇಳಮ್ಮ, ಇವರ ಕಡೆ ಸ್ಕೂಲಿಗೆ ಸಾಲಿ ಅಂತಾರೆ. ಇವರಿಗೆ ನಿಮ್ಮ ಸಾಲಿ ಗೊತ್ತಿಲ್ಲ, ನಿಮಗೆ ಇವರ ಸಾಲಿ ಗೊತ್ತಿಲ್ಲ. ಇವರ ಮಗ ದಿನಾ ಸಾಲಿಗೆ ಹೋಗ್ತಾನೆ. ನಮ್ಮ ಬೀದಿಯೋರನ್ನ ಯಾರನ್ನ ಬೇಕಾದ್ರೂ ಕೇಳಿ."

ಆ ತಾಯಿ ನನ್ನ ಮುಖ ನೋಡಿದರು. "ಖರೇನಾ?" ಎಂದು ಕೇಳಿದರು.

"ಖರೇರಿ" ಎಂದೆ. ಆ ಮಾತಾದರೂ ಇಬ್ಬರಿಗೂ ಗೊತ್ತಿತ್ತು.

ಅವರು ಕುರ್ಚಿಯಲ್ಲಿ ಕೂತರು. ದುಪಟ್ಟಾದ ಅಂಚು ತಿರುವುತ್ತ ತಾವೇ ನಕ್ಕರು. "ನಮ್ಗೂ ಹಿಂಗೇ ಆಗಿತ್ತು ಮೇಡಂ. ನಾದಿನಿ ಮದ್ವೆ ಅಂತ ಲಖನೌಗೆ ಹೋಗಿದ್ವಿ. ಊಟಕ್ಕೆ ಬಡಿಸೋಕೆ ಬಂದ್ರು, ಬೇಡ ಅನ್ನೋಕೆ ನಾನು ನಮ್ ದಖನಿಲಿ ನಕ್ಕೋ ಅಂದೆ. ನಾನು ನಕ್ಕೋ ಅಂದ್ರೆ ಅವ್ರೆಲ್ಲಾ ನಕ್ಬಿಟ್ರು. ಬೆಂಗ್ಳೂರೋರಿಗೆ ಉರ್ದು ಬರಲ್ಲ ಅಂತ. ಮದ್ವೆ ಮುಗಿಯೋವರ್ಗೂ ನಾನು ಬಾಯೇ ಬಿಡ್ಲಿಲ್ಲ." ಅಕ್ಕ ಹಣೆ ಚಚ್ಚಿಕೊಂಡರು. ಪ್ರಿನ್ಸಿಪಾಲರು, ಚೆನ್ನೈಯವರು ತಮ್ಮ ಬೆಂಗಳೂರು ತಮಿಳನ್ನು ಹೇಗೆ ಆಡಿಕೊಳ್ಳುತ್ತಾರೆಂದು ಹೇಳಿದರು. ಆ ಕೋಣೆಯಲ್ಲಿದ್ದ ಒಬ್ಬೊಬ್ಬರ ಮಾತಿಗೂ ಇನ್ನೊಂದು ಊರಿನವರು ಎಲ್ಲೋ ಒಂದು ಕಡೆ ನಕ್ಕಿದ್ದರು.

ಆಗ ಪ್ರಿನ್ಸಿಪಾಲರು ತಾಯಿಯನ್ನು ಕೇಳಿದರು: "ಮಗು ಮನೆಗೆ ಬಂದು ಟೀಚರ್ ಬೈದ್ರು ಅಂತ ಅಳ್ತಾ?"

"ಅಯ್ಯೋ ಇಲ್ಲ ಮೇಡಂ. ಅವ್ಳು ಹೇಳ್ಲಿಲ್ಲ. ಆಟ ಆಡ್ತಿದ್ಲು. ನನ್ ದುಪಟ್ಟಾ ಸೀರೆ ಥರ ಸುತ್ಕೊಂಡು, ಅಕ್ಕಪಕ್ಕದ ಚಿಕ್ ಮಕ್ಳನ್ನೆಲ್ಲಾ ಮೆಟ್ಲ ಮೇಲೆ ಕೂರಿಸಿ ಕನ್ನಡ ಟೀಚರ್ ಆಗ್ತಾಳೆ. ದಿನಾ ಅದೇ ಆಟ. ಆಗ ಆ ಮಾತು ಕಿವಿಗೆ ಬಿತ್ತು."

ನನಗೆ ಅರ್ಥವಾಗಲಿಲ್ಲ. "ಯಾರು? ಆಕಿ? ಆಕಿ ತರಗತ್ಯಾಗ ಮಾತಾಡೂದ ಇಲ್ಲಲ್ರಿ" ಎಂದೆ.

"ಮನೇಲಿ ಮಾತಾಡ್ತಾಳೆ ಮೇಡಂ. ನಿಲ್ಸೋದೇ ಇಲ್ಲ."

ಪ್ರಿನ್ಸಿಪಾಲರು ಹುಡುಗಿಯನ್ನು ಕರೆಸಿದರು. ಒಳಗೆ ಬಂದವಳು ನಾಲ್ಕು ಜನ ದೊಡ್ಡವರನ್ನು ಕಂಡು ಬಾಗಿಲಿಗೇ ಅಂಟಿಕೊಂಡಳು. ಮನೆಯಲ್ಲಿ ಆಡುವ ಟೀಚರ್ ಆಟ ನಮಗೂ ತೋರಿಸುತ್ತೀಯಾ ಎಂದು ಪ್ರಿನ್ಸಿಪಾಲರು ಕೇಳಿದರು. ಅವಳು ತಾಯಿಯನ್ನು ನೋಡಿದಳು. ತಾಯಿ ಹೂಂ ಎಂದು ತಲೆಯಾಡಿಸಿದರು. ಹುಡುಗಿ, ಇಲ್ಲದ ಸೆರಗನ್ನು ಇದ್ದ ಹಾಗೆ ಹೆಗಲ ಮೇಲೆ ಸರಿಮಾಡಿಕೊಂಡು, ಸೊಂಟಕ್ಕೆ ಕೈಯಿಟ್ಟು, ಎದುರಿಗೆ ಮಕ್ಕಳಿರುವ ಹಾಗೆ ಗೋಡೆಯ ಕಡೆ ತಿರುಗಿದಳು.

"ಏನ್ರಿ ಇದು, ಸಾಲಿಗೆ ಬರೂದು ಹಿಂಗೇನು? ಲಗೂನ ಬರ್ರಿ, ಕೂಡ್ರಿ. ಯಾರೂ ಅಂಜಬ್ಯಾಡ್ರಿ. ತಪ್ಪಾದ್ರ ಆಗ್ಲಿ, ಯಾರೂ ನಗೂದಿಲ್ಲ. ಬಾಯಿ ಬಿಟ್ಟು ಮಾತಾಡ್ರಿ."

ಅದು ನನ್ನ ಮಾತು, ನನ್ನ ಅವ್ವನ ರಾಗ, ಶಿವಾಜಿನಗರದ ಮಗುವಿನ ದನಿ. ಒಂದು ಅಕ್ಷರದ ಎಳೆತವೂ ತಪ್ಪಿರಲಿಲ್ಲ. ಬಾಯಿ ಮುಚ್ಚಿಕೊಂಡು ಈ ಊರಿನಲ್ಲಿ ಬದುಕಬೇಕೆಂದು ತೀರ್ಮಾನಿಸಿ ಬಂದಿದ್ದವಳು ನಾನು. ನನ್ನ ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಅದನ್ನು ಕಂಡು ಹುಡುಗಿಗೆ ಗಾಬರಿಯಾಯಿತು. ನನ್ನ ಹತ್ತಿರ ಬಂದು, ವರ್ಷದಲ್ಲಿ ಮೊದಲ ಸಲ ತಾನಾಗಿಯೇ ನನ್ನೊಡನೆ ಮಾತಾಡಿದಳು.

"ತಪ್ಪಾತೇನ್ರಿ ಮಿಸ್?"

"ಇಲ್ಲವ್ವಾ" ಎಂದೆ, "ಬರೋಬ್ಬರಿ ಐತಿ."