ಮೇಷ್ಟ್ರ ನಾಟಕವನ್ನು ಅಪ್ಪ ಕೊಂಡಿದ್ದು

ಎಪ್ಪತ್ತರ ದಶಕದ ಕೊನೆಗೆ ತಿಪಟೂರಿನಲ್ಲಿ ನಮ್ಮಪ್ಪನದೊಂದು ಸಣ್ಣ ಪ್ರೆಸ್ಸಿತ್ತು. ಕೊಬ್ಬರಿ ಮಂಡಿಗಳ ಬಿಲ್‌ಬುಕ್ಕು, ಲಗ್ನಪತ್ರಿಕೆ, ಹಳ್ಳಿ ನಾಟಕಗಳ ಹ್ಯಾಂಡ್‌ಬಿಲ್ಲು ಅಲ್ಲಿ ಅಚ್ಚಾಗುತ್ತಿದ್ದವು. ಓದು ಮುಗಿಸಿ ಮನೆಯಲ್ಲಿದ್ದ ನಾನು ಪ್ರೂಫ್ ನೋಡುತ್ತಿದ್ದೆ.

ದಬ್ಬೇಘಟ್ಟದ ಕಡೆಯ ನಾಟಕದ ಮೇಷ್ಟ್ರೊಬ್ಬರು ಒಂದು ಮಧ್ಯಾಹ್ನ ಬಂದು ಅಪ್ಪನ ಮುಂದೆ ಪುಸ್ತಕವೊಂದನ್ನು ಇಟ್ಟರು. ಹಾರ್ಮೋನಿಯಂ ಹೊತ್ತು ಊರೂರಿಗೆ ಹೋಗಿ ನಾಟಕ ಕಲಿಸುತ್ತಿದ್ದ ಮನುಷ್ಯ. ಅವರೇ ಬರೆದ ನಾಟಕವನ್ನು ಪರ ಊರಿನ ಪ್ರಕಾಶಕನೊಬ್ಬ ಬೇರೆ ಯಾರದೋ ಹೆಸರಿನಲ್ಲಿ ಅಚ್ಚು ಹಾಕಿಸಿದ್ದ. ಹೆಂಡತಿ ತೀರಿಕೊಂಡಾಗ ಮೇಷ್ಟ್ರು ಕಟ್ಟಿದ ಹಾಡೂ ಅದರಲ್ಲೇ ಇತ್ತು.

ಕೋರ್ಟು ಅಂದರೆ ಅವರಿಗೆ ಭಯ. ನಾಟಕವನ್ನೇ ನಿಮಗೆ ಮಾರಿಬಿಡುತ್ತೇನೆ, ಕೇಸು ನೀವೇ ಹಾಕಿ ಎಂದು ಅಪ್ಪನಿಗೆ ಅಂದರು.

“ದುಡ್ಡಿನ ಮಾತು ಬುಡಿ. ನನ್ನ ಹೆಸರು ಬಂದ್ರೆ ಸಾಕು ಕಣ್ರೀ.”

ಅಮ್ಮ ಬೇಡವೆಂದರೂ ಅಪ್ಪ ಕ್ರಯಪತ್ರ ಮಾಡಿಸಿಕೊಂಡು ದಾವೆ ಹೂಡಿದರು. ಪ್ರಕಾಶಕನಿಂದ ಜವಾಬು ಬಂತು: ಪುಸ್ತಕ ಅಚ್ಚಾಗಿ ಮಾರಾಟವಾದದ್ದೆಲ್ಲ ಆ ಕ್ರಯಕ್ಕೆ ಮುಂಚೆ, ಆಮೇಲೆ ಒಂದು ಪ್ರತಿಯನ್ನೂ ತೆಗೆದಿಲ್ಲ. ನಮ್ಮ ವಕೀಲರು ಕ್ರಯಪತ್ರವನ್ನು ಮತ್ತೆ ಓದಿ ಕನ್ನಡಕ ತೆಗೆದಿಟ್ಟರು.

“ನೀವು ಕೊಂಡಿರೋದು ನಾಟಕಾನ. ಅದಕ್ಕೂ ಮುಂಚೆ ಆದ ಕಳ್ಳತನಕ್ಕೆ ಕೇಸು ಹಾಕೋ ಹಕ್ಕು ಇದರಲ್ಲಿ ಬರೆದಿಲ್ಲ. ಅದು ಇನ್ನೂ ಮೇಷ್ಟ್ರದೇ. ಅವರೇ ಬರಬೇಕು, ಇಲ್ಲಾ ಅದನ್ನೂ ಬರೆದುಕೊಡಬೇಕು.”

ಆ ಹಕ್ಕಿಗೂ ಒಂದು ಕಾಗದ ಬರೆಸಿಕೊಂಡು ನಾನೂ ಅಪ್ಪನೂ ಬಸ್ಸು ಹತ್ತಿ ಮೇಷ್ಟ್ರ ಹತ್ತಿರ ಹೋದೆವು. ಮೇಷ್ಟ್ರು ಅಕ್ಕನ ಮನೆಯಲ್ಲಿ ಮಲಗಿದ್ದರು. ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ಅಪ್ಪ ಮಂಚದ ಪಕ್ಕ ಕೂತು ಎಲ್ಲವನ್ನೂ ಬಿಡಿಸಿ ಹೇಳಿದರು. ಮೇಷ್ಟ್ರು ಸೂರನ್ನೇ ನೋಡುತ್ತಿದ್ದರು. ತಿಳಿಯಿತೋ ಇಲ್ಲವೋ ನಮಗೆ ಗೊತ್ತಾಗಲಿಲ್ಲ.

ಅವರಕ್ಕ ತಮ್ಮನ ಎಡಗೈ ಎತ್ತಿ ಹಿಡಿದು, “ಹೆಬ್ಬೆಟ್ಟು ಎಲ್ಲಿ ಒತ್ತಿಸ್ಬೇಕು ಯೋಳಪ್ಪ,” ಅಂದರು.

ಅಪ್ಪ ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿ, “ಬೇಡ ಕಣಮ್ಮ. ಹಂಗೆ ಒತ್ತಿಸಿಕೊಂಡ್ರೆ ನಾನೂ ಕದ್ದಂಗಾಯ್ತದೆ,” ಎಂದು ಕಾಗದ ಮಡಚಿದರು.

ಆ ತಿಂಗಳೇ ಮೇಷ್ಟ್ರು ತೀರಿಹೋದರು. ಮುಂದೆ ಕೇಸೂ ವಜಾ ಆಯಿತು. ಅಪ್ಪ ಹಟಕ್ಕೆ ಬಿದ್ದು ಆ ನಾಟಕವನ್ನು ಮೇಷ್ಟ್ರ ಹೆಸರಿನಲ್ಲಿ ಅಚ್ಚು ಮಾಡಿದರು. ಹಳ್ಳಿಗಳವರ ಹತ್ತಿರ ಮೊದಲಿನ ಪುಸ್ತಕವೇ ಇತ್ತು. ಹೊಸದನ್ನು ಯಾರು ಕೊಳ್ಳುತ್ತಾರೆ? ಕಟ್ಟುಗಳು ಅಟ್ಟ ಸೇರಿದವು.

ಒಂದು ಸಂತೆಯ ದಿನ ಮೇಷ್ಟ್ರ ಅಕ್ಕ ಪ್ರೆಸ್ಸಿಗೆ ಬಂದರು. ಓದು ಬರದ ಹೆಂಗಸು. ಹೊಸ ಪುಸ್ತಕದಲ್ಲಿ ತಮ್ಮನ ಹೆಸರು ಎಲ್ಲಿದೆಯೆಂದು ಕೇಳಿದರು. ಅವರ ಬೆರಳು ಹಿಡಿದು ಅಕ್ಷರಗಳ ಮೇಲೆ ಇಟ್ಟೆ.

“ಆ ಇನ್ನೊಬ್ಬನ ಹೆಸರು ಅಳಿಸಿದ್ರಾ?” ಅಂದರು.

ನಾನು ಅಪ್ಪನ ಕಡೆ ನೋಡಿದೆ. ಅಪ್ಪ ತಲೆ ಎತ್ತದೆ ಅಚ್ಚಿನ ಮೊಳೆ ಜೋಡಿಸುತ್ತಲೇ ಇದ್ದರು.