ದೀಪದ ಹತ್ತಿರದ ಫೋಟೊ

ಪಕ್ಕದ ಮನೆಯ ವಿಶಾಲಮ್ಮನ ಮೇಲೆ ನನಗೆ ಈಗಲೂ ಸಿಟ್ಟಿದೆ. ಅಷ್ಟು ಪ್ರಾಮಾಣಿಕತೆ ಯಾವ ಪುರುಷಾರ್ಥಕ್ಕೆ? ಭದ್ರಾವತಿಯ ಶಾಲೆಯೊಂದರಲ್ಲಿ ಬಿಸಿಯೂಟ ಮಾಡುವವಳು. ಹದಿನಾರು ವರ್ಷದಲ್ಲಿ ಮಿಕ್ಕ ಸಾರನ್ನು ಒಂದು ದಿನವೂ ಮನೆಗೆ ತಂದವಳಲ್ಲ.

ಅವಳಿಗೂ ಗಂಡ ಶಿವಯೋಗಪ್ಪನಿಗೂ ಮಕ್ಕಳಿಲ್ಲ. ನಾಲ್ಕು ವರ್ಷದ ಹಿಂದೆ ಶಿವಮೊಗ್ಗದ ಮಕ್ಕಳ ಕಲ್ಯಾಣ ಸಮಿತಿಯವರು ಒಂದು ವರ್ಷದ ರಕ್ಷಾಳನ್ನು ಸಾಕಲು ಕೊಟ್ಟರು. ದತ್ತು ಅಲ್ಲ. ಹೆತ್ತವಳು ಸುಷ್ಮಾ, ಬಾಣಂತನದ ನಂತರ ಮನಸ್ಸು ಕೆಟ್ಟು ಆಸ್ಪತ್ರೆ ಸೇರಿದ್ದಳು. ಅವಳು ಗುಣವಾಗುವ ತನಕ ಮಾತ್ರ. ಅಧಿಕಾರಿಗಳು ಎರಡು ಮಾತು ಹೇಳಿದ್ದರು: ತಾಯಿಯನ್ನು ಮರೆಸಬೇಡಿ, ಮಗುವಿನ ಫೋಟೊ ಎಲ್ಲೂ ಹಾಕಬೇಡಿ. ಬೇರೆಯವರಾಗಿದ್ದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದರು.

ಇವಳು ಸಮಿತಿಯಿಂದ ಸುಷ್ಮಾಳ ಫೋಟೊ ಕೇಳಿ ತಂದು, ಕಟ್ಟು ಹಾಕಿಸಿ ದೇವರ ಗೂಡಿನ ಪಕ್ಕ ಇಟ್ಟಳು. ಸಂಜೆ ದೀಪ ಹಚ್ಚಿದ ಮೇಲೆ ದಿನವೂ "ಅಮ್ಮಂಗೆ ಕೈ ಮುಗಿ" ಎನ್ನುವಳು. ಮಗು ತನ್ನನ್ನೇ ಅಮ್ಮ ಎಂದರೆ, "ಅಮ್ಮ ಅಲ್ಲಿದಾಳೆ ಪುಟ್ಟಿ, ನಾನು ದೊಡ್ಡಮ್ಮ" ಎಂದು ತಿದ್ದುವಳು. ತಿದ್ದಿ, ಅಡುಗೆಮನೆಗೆ ಹೋಗಿ ಅಳುವಳು.

"ಆ ಫೋಟೊ ತೆಗ್ದು ಪೆಟ್ಟಿಗೆಗ್ ಹಾಕೇ ಮಾರಾಯ್ತಿ. ನಾಳೆ ನೀನೇ ಗೋಳಾಡ್ತೀಯ" ಎಂದೆ.

"ಇನ್ನೊಬ್ಬಳ ಮಗು ಕಣೇ. ಕದಿಯಕ್ಕಾಗುತ್ತಾ?" ಎಂದಳು.

ಕಳೆದ ತಿಂಗಳು ಕರೆ ಬಂತು. ಸುಷ್ಮಾ ಗುಣವಾಗಿ ಶಿವಮೊಗ್ಗದ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ, ಮಗುವನ್ನು ಕೇಳುತ್ತಿದ್ದಾಳೆ. ಮಗು ತಾಯಿಯ ಗುರುತು ಹಿಡಿಯದಿದ್ದರೆ ಇನ್ನೊಂದು ವರ್ಷ ಇಲ್ಲೇ ಬಿಟ್ಟಾರು ಎಂದು ಯಾರೋ ಹೇಳಿದ್ದನ್ನು ಶಿವಯೋಗಪ್ಪ ನಂಬಿ ಕೂತ. ವಿಶಾಲಮ್ಮನಿಗೆ ಅನ್ನ ಸೇರಲಿಲ್ಲ.

ಮಗುವನ್ನು ತಾಯಿಗೆ ತೋರಿಸಲು ಶಿವಮೊಗ್ಗದ ಸಮಿತಿ ಕಚೇರಿಗೆ ನಾನೂ ಜೊತೆಗೆ ಹೋಗಿದ್ದೆ. ಬಾಗಿಲಲ್ಲಿ ಸುಷ್ಮಾ ಕಾಣಿಸಿದ್ದೇ ತಡ, ರಕ್ಷಾ "ನಮ್ಮಮ್ಮ!" ಎಂದು ಓಡಿದಳು. ಓಡಿ ಹೋಗಿ ಅವಳ ಮುಂದೆ ಕೈ ಮುಗಿದು ನಿಂತಳು. ಸುಷ್ಮಾ ಅಲ್ಲೇ ಕುಸಿದು ತಬ್ಬಿಕೊಂಡಳು. ಅಧಿಕಾರಿಗಳು "ತುಂಬಾ ಚೆನ್ನಾಗಿ ಬೆಳೆಸಿದ್ದೀರಿ, ಸೋಮವಾರ ಬಂದು ಕರೆದೊಯ್ಯುತ್ತೇವೆ" ಎಂದು ಕಾಗದಕ್ಕೆ ಸಹಿ ಹಾಕಿದರು.

ವಾಪಸ್ ಬರುವ ಬಸ್ಸಿನಲ್ಲಿ ವಿಶಾಲಮ್ಮ ನನ್ನ ಕೈ ಹಿಡಿದು, "ನಾನೇ ಕಲ್ಸಿದ್ದು ಕಣೇ. ಕೈಯಾರೆ ಕಳ್ಕೊಂಡೆ. ಇನ್ನು ಹೆಂಗ್ ಬದುಕ್ಲಿ?" ಎಂದಳು.

ಸೋಮವಾರ ಮಗುವನ್ನು ಕರೆದೊಯ್ಯಲು ಕಾರು ಬಂತು. ವಿಶಾಲಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಹೊಸಿಲ ಬಳಿ ಕೂತಿದ್ದಳು. ಕಾರು ಹತ್ತಿದ್ದ ರಕ್ಷಾ ಇಳಿದು ಓಡಿ ಬಂದಳು.

"ದೊಡ್ಡಮ್ಮ, ನಿನ್ ಫೋಟೊ ಕೊಡು. ಅಲ್ಲಿ ದೀಪದ್ ಹತ್ರ ಇಡ್ಬೇಕು."

ಮನೆಯೆಲ್ಲ ಹುಡುಕಿದೆವು. ಮದುವೆಯ ಆಲ್ಬಂ ಹೊಳೆಹೊನ್ನೂರಿನ ತವರಿನಲ್ಲಿತ್ತು. ಎಲ್ಲೂ ಹಾಕಬೇಡಿ ಎಂದಿದ್ದಕ್ಕೆ, ನಾಲ್ಕು ವರ್ಷದಲ್ಲಿ ಈ ಪುಣ್ಯಾತ್ಗಿತ್ತಿ ಮಗುವಿನ ಜೊತೆ ಒಂದು ಫೋಟೊ ಕೂಡ ತೆಗೆಸಿಕೊಂಡಿರಲಿಲ್ಲ. ಕೊನೆಗೆ ಸಿಕ್ಕಿದ್ದು ಅವಳ ಆಧಾರ್ ಕಾರ್ಡಿನ ಜೆರಾಕ್ಸ್, ಮುಖವೆಲ್ಲ ಕಪ್ಪು.

ರಕ್ಷಾ ಅದನ್ನು ಬೆಳಕಿಗೆ ಹಿಡಿದು ನೋಡಿದಳು. "ಇದ್ರಲ್ಲಿ ನೀನು ಕಾಣಲ್ಲ ದೊಡ್ಡಮ್ಮ" ಎಂದಳು. ಆದರೂ ಕೈ ಮುಗಿದು, ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡಳು.