ಪೀಠಿಕೆಯಲ್ಲಿ ಮಲಗಿದ್ದ ಅಪ್ಪ

ಏನು ಓದುತ್ತಿದ್ದೀರಿ ಎಂದು ಬಸ್ಸಿನಲ್ಲಿ ಯಾರಾದರೂ ಕೇಳಿದರೆ ನಾನು ‘ಎಂ.ಎ.’ ಎಂದಷ್ಟೇ ಹೇಳಿ ಕಿಟಕಿಯ ಹೊರಗೆ ನೋಡುತ್ತೇನೆ. ಕೋರ್ಸಿನ ಪೂರ್ತಿ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಬಿ.ಸಿ.ರೋಡಿನಲ್ಲಿ ಹೊರಟ ಬಸ್ಸು ಬಂಟ್ವಾಳ ಪೇಟೆ ದಾಟಿರುತ್ತದೆ: ಲಿಂಗತ್ವ, ಅಭಿವೃದ್ಧಿ ಮತ್ತು ಜಾಗತೀಕರಣ. ಒಮ್ಮೆ ಧೈರ್ಯ ಮಾಡಿ ಪೂರ್ತಿ ಹೇಳಿದೆ. ಮಡಿಲಲ್ಲಿ ಬಸಳೆ ಕಟ್ಟು ಇಟ್ಟುಕೊಂಡು ಪಕ್ಕದಲ್ಲಿ ಕೂತಿದ್ದ ಹೆಂಗಸು ಸ್ವಲ್ಪ ಹೊತ್ತು ಯೋಚಿಸಿ, “ಮೂರೂ ಒಟ್ಟಿಗೆ ಮಾಡ್ಬೇಕಾ? ಒಂದೊಂದೇ ಮಾಡ್ಲಿಕ್ಕೆ ಬಿಡುದಿಲ್ವಾ?” ಎಂದು ಕೇಳಿದರು. ಮೂಡುಬಿದಿರೆಯ ನಮ್ಮ ತರಗತಿಯಲ್ಲಿ ಇಷ್ಟು ಒಳ್ಳೆಯ ಪ್ರಶ್ನೆಯನ್ನು ಈವರೆಗೆ ಯಾರೂ ಕೇಳಿಲ್ಲ.

ನನಗೆ ನಲವತ್ತನಾಲ್ಕು ವರ್ಷ ವಯಸ್ಸು. ಸಹಪಾಠಿಗಳು ‘ಅಕ್ಕ’ ಎನ್ನುತ್ತಾರೆ. ನನ್ನ ಮಾರ್ಗದರ್ಶಕಿ ನನಗಿಂತ ಒಂಬತ್ತು ವರ್ಷ ಚಿಕ್ಕವರು. ಅವರು ನನ್ನನ್ನು ಮೇಡಂ ಎನ್ನುತ್ತಾರೆ, ನಾನು ಅವರನ್ನು ಮೇಡಂ ಎನ್ನುತ್ತೇನೆ. ಕಾರಿಡಾರಿನಲ್ಲಿ ಎದುರಾದಾಗ ಯಾರು ಮೊದಲು ನಮಸ್ಕಾರ ಹೇಳಬೇಕೆಂದು ತಿಳಿಯದೆ ಇಬ್ಬರೂ ಒಟ್ಟಿಗೆ ಹೇಳಿಬಿಡುತ್ತೇವೆ.

ಇನ್ನೊಂದು ತಪ್ಪೊಪ್ಪಿಗೆ. ನಾನು ಡೈರಿ ಬರೆಯುವವಳು. ಡೈರಿ ಬರೆಯುವವರಿಗೆ ನೆನಪು ಗಟ್ಟಿ ಎಂದು ಜನ ತಿಳಿದಿದ್ದಾರೆ. ನನ್ನ ಅನುಭವದಲ್ಲಿ, ಸ್ವಂತ ನೆನಪನ್ನು ನಂಬಲಾರದವರು ಡೈರಿಗೆ ಬೀಳುತ್ತಾರೆ. ನನ್ನ ಮದುವೆಯ ದಿನ ಧೋ ಎಂದು ಮಳೆ ಸುರಿದದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಚಪ್ಪರದ ಮೂಲೆಯಲ್ಲಿ ನೀರು ತೊಟ್ಟಿಕ್ಕಿದ್ದು ಕೂಡ. ಆ ದಿನದ ಡೈರಿಯಲ್ಲಿ ‘ಬಿಸಿಲು. ಸೆಕೆ. ಬೆವರಿಗೆ ಪೌಡರ್ ಕರಗಿತು’ ಎಂದಿದೆ. ಅಂದಿನಿಂದ ಏನನ್ನೇ ಹೇಳುವ ಮೊದಲು ಡೈರಿ ತೆಗೆದು ನೋಡುತ್ತೇನೆ. ಆದರೆ ಡೈರಿ ಶುರುವಾದದ್ದು ಹದಿನೆಂಟರಲ್ಲಿ. ಅದಕ್ಕಿಂತ ಹಿಂದಿನ ಬಾಲ್ಯಕ್ಕೆ ಕಾವಲುಗಾರರಿಲ್ಲ. ಅಲ್ಲಿ ನಾನು ಹೇಗೆ ಬೇಕಾದರೂ ತಿರುಗಾಡಬಹುದು.

ಹಾಗೆ ತಿರುಗಾಡಿದ್ದರ ಫಲವೇ ನನ್ನ ಪ್ರಬಂಧದ ಪೀಠಿಕೆ. ವಿಷಯ, ನಮ್ಮ ಬಂಟ್ವಾಳ, ಬೆಳ್ತಂಗಡಿ ಕಡೆಯ ಬೀಡಿ ಕಟ್ಟುವ ಹೆಂಗಸರು. ಇಲ್ಲಿ ಎಷ್ಟೋ ಮನೆಗಳು ನಿಂತದ್ದು ಬೀಡಿಯ ಮೇಲೆ. ಎಲೆ, ಹೊಗೆಸೊಪ್ಪು ಮನೆಗೆ ತರುವುದು, ಮಡಿಲಲ್ಲಿ ಮೊರದಂಥ ಗೆರಸೆ ಇಟ್ಟುಕೊಂಡು ಕಟ್ಟುವುದು, ಕಟ್ಟಿದ್ದನ್ನು ಊರಿನಲ್ಲಿರುವ ಬೀಡಿ ಕಂಪನಿಯ ಬ್ರಾಂಚಿಗೆ ಕೊಟ್ಟು ಬರುವುದು. ಅಳದಂಗಡಿಯ ಸುತ್ತ ಮನೆಮನೆ ಹತ್ತಿ ನಾನು ನೋಟ್ಸು ಮಾಡಿಕೊಂಡೆ. “ಮೊದಲು ನೀವು ಎಲ್ಲಿ ನಿಂತು ಇದನ್ನು ನೋಡ್ತಿದ್ದೀರಿ ಅಂತ ಬರೀರಿ ಮೇಡಂ” ಎಂದರು ಮೇಡಂ. ನಾನು ಬರೆದೆ: ‘ಮಾಣಿಯಲ್ಲಿ ನಮ್ಮ ಬಾಲ್ಯ. ಹಂಚಿನ ಕಾರ್ಖಾನೆ ಮುಚ್ಚಿದ ಮೇಲೆ ಅಪ್ಪ ಒಳಕೋಣೆಯಲ್ಲಿ ರೇಡಿಯೋ ಹಾಕಿಕೊಂಡು ಮಲಗಿರುತ್ತಿದ್ದರು. ಅಮ್ಮ ಒಬ್ಬಳೇ ಬೀಡಿ ಕಟ್ಟಿ ನನ್ನನ್ನೂ ತಮ್ಮನನ್ನೂ ಓದಿಸಿದಳು.’ ಮೇಡಂ ಅಂಚಿನಲ್ಲಿ ‘ತುಂಬಾ ಪರಿಣಾಮಕಾರಿ’ ಎಂದು ಬರೆದುಕೊಟ್ಟರು.

ಹಂಚಿನ ವಿಷಯಕ್ಕೆ ಒಂದು ಮಾತು. ಜಾಗತೀಕರಣ ಎಲ್ಲೆಲ್ಲಿ ಯಾವ ವೇಷದಲ್ಲಿ ಬಂತೋ, ನಮ್ಮ ಮಾಣಿಗೆ ಬಂದದ್ದು ತಾರಸಿಯಾಗಿ. ಗಲ್ಫಿಗೆ ಹೋದವರು ರಜೆಯಲ್ಲಿ ಬಂದು ತಾರಸಿ ಮನೆ ಕಟ್ಟಿದರು. ಅವರನ್ನು ನೋಡಿ ಹೋಗದವರೂ ಕಟ್ಟಿದರು. ಹಂಚು ಯಾರಿಗೂ ಬೇಡವಾಯಿತು. ನದಿ ಬದಿಯ ಕಾರ್ಖಾನೆಯಲ್ಲಿ ಹಸಿ ಹಂಚಿನ ಅಂಚು ಸವರುತ್ತಿದ್ದ ಅಪ್ಪ ಮನೆಗೆ ಬಂದರು. ದುಬಾಯಿಯಲ್ಲಿ ಯಾರೋ ದುಡಿದರೆ ಮಾಣಿಯಲ್ಲಿ ಇನ್ಯಾರಿಗೋ ಕೆಲಸ ಹೋಗುತ್ತದೆ ಎಂಬುದನ್ನು ಪಠ್ಯಪುಸ್ತಕ ಒಂದಿಡೀ ಅಧ್ಯಾಯದಲ್ಲಿ ಹೇಳುತ್ತದೆ. ನಮಗೆ ಅದು ಒಂದೇ ಮಳೆಗಾಲದಲ್ಲಿ ತಿಳಿಯಿತು.

ಪ್ರಬಂಧ ಸೋಮವಾರ ಒಪ್ಪಿಸಬೇಕಿತ್ತು. ಭಾನುವಾರ ಮಾಣಿಗೆ ಹೋದೆ. ಅಪ್ಪ ಅಮ್ಮ ಅಲ್ಲಿ ತಮ್ಮನ ಸಂಸಾರದೊಂದಿಗೆ ಇದ್ದಾರೆ. ಮನೆಮಾತು ತುಳು, ಓದಬೇಕಾದದ್ದು ಕನ್ನಡ. ಆದರೂ ಅಮ್ಮನನ್ನು ಜಗಲಿಯಲ್ಲಿ ಕೂರಿಸಿ ಪೀಠಿಕೆ ಓದಿದೆ. ಆಕೆಯ ಕಣ್ಣಲ್ಲಿ ನೀರು ಬರಬೇಕು ಎಂಬುದು ನನ್ನ ಲೆಕ್ಕಾಚಾರ. ಅಮ್ಮ ಬಾಯಿಗೆ ಸೆರಗು ಹಿಡಿದು ನಗತೊಡಗಿದಳು.

“ಇವರು ಮಲಗಿದ್ದದ್ದಾ? ಅಯ್ಯೋ ಮಗಾ, ಬೀಡಿ ಕಟ್ಟಿದ್ದೇ ಇವರು!”

ಅಮ್ಮ ಹೇಳುತ್ತಾ ಹೋದಳು. ಗಂಡಸು ಬೀಡಿ ಕಟ್ಟುತ್ತಾನೆ ಎಂದು ಊರಿಗೆ ಗೊತ್ತಾಗಬಾರದೆಂದು ಒಳಕೋಣೆಯ ಬಾಗಿಲು ಹಾಕುತ್ತಿದ್ದದ್ದು. ಎಲೆ ಕತ್ತರಿಸುವ ಸದ್ದು ಹೊರಗೆ ಕೇಳಬಾರದೆಂದು ರೇಡಿಯೋ ದೊಡ್ಡದು ಮಾಡುತ್ತಿದ್ದದ್ದು. ಅಮ್ಮ ಹೊರಗೆ ಜಗಲಿಯಲ್ಲಿ ಕಟ್ಟುತ್ತಿದ್ದಳು, ಅಪ್ಪ ಒಳಗೆ ಅದರ ಎರಡು ಪಾಲು ಕಟ್ಟುತ್ತಿದ್ದರು. ಬ್ರಾಂಚಿಗೆ ಒಯ್ಯುವುದು ಅಮ್ಮ, ಅಲ್ಲಿನ ಲೆಕ್ಕದ ಪುಸ್ತಕದಲ್ಲಿ ಹೆಸರೂ ಅಮ್ಮನದೇ. “ಎಷ್ಟು ಚುರುಕು ನಿನ್ನ ಕೈ ಅಂತ ಬ್ರಾಂಚಿನವರು ಹೊಗಳುವಾಗ ನಂಗೆ ನಾಚಿಕೆ ಆಗ್ತಿತ್ತು.”

ಅಪ್ಪ ಅಲ್ಲೇ ಆರಾಮ ಕುರ್ಚಿಯಲ್ಲಿದ್ದರು. ಅವರು ಪೇಪರು ಮಡಚಿ ಹೇಳಿದ್ದು ಇಷ್ಟೇ: “ಅವಳು ಬರೆದದ್ದು ಹಾಗೇ ಇರ್ಲಿ.”

“ಅಪ್ಪಾ, ಅದು ಸುಳ್ಳಲ್ವಾ?”

“ಸುಳ್ಳಾದ್ರೆ ಎಂತ? ಮಲಗಿದ್ದ ಅಂತ ಹೇಳಿದ್ರೆ ಯಾರೂ ನಗುದಿಲ್ಲ. ಬೀಡಿ ವಿಷಯ ಬೇಡ.”

ಎರಡು ವರ್ಷ ಲಿಂಗತ್ವ ಓದಿದವಳ ಎದುರು ಎಂಬತ್ತರ ಹತ್ತಿರದ ಮನುಷ್ಯ ಇಡೀ ಪಠ್ಯವನ್ನು ಎರಡು ವಾಕ್ಯದಲ್ಲಿ ಹೇಳಿ ಮುಗಿಸಿದ್ದರು. ಸೋಮಾರಿ ಎನಿಸಿಕೊಳ್ಳಲು ಅವರು ತಯಾರು, ಬೀಡಿ ಕಟ್ಟಿದವ ಎನಿಸಿಕೊಳ್ಳಲು ಇಲ್ಲ. ನಾನು? ಹೆಂಗಸರ ಕೆಲಸ ಯಾರಿಗೂ ಕಾಣುವುದಿಲ್ಲ ಎಂದು ಇನ್ನೂರು ಪುಟ ಬರೆದವಳು, ಬಾಗಿಲ ಹಿಂದಿನ ಒಂದು ಜೊತೆ ಕೈಗಳನ್ನು ಕಂಡಿರಲಿಲ್ಲ. ಅಥವಾ ಕಂಡೂ ಮರೆತಿದ್ದೆನೆ? ಓದಿದ ಪುಸ್ತಕಗಳಿಗೆ ಹೊಂದುವ ಹಾಗೆ ನೆನಪು ತನ್ನನ್ನು ತಾನೇ ತಿದ್ದಿಕೊಂಡಿತ್ತೆ? ಆ ಕೋಣೆಯ ಬಾಗಿಲು ಒಮ್ಮೆಯೂ ತೆರೆದಿರಲಿಲ್ಲ ಎಂದು ನಾನು ಆಣೆ ಮಾಡಲಾರೆ.

ಈಗ ಪೇಚಾಟ. ಇದ್ದಂತೆ ಒಪ್ಪಿಸಿದರೆ ಅಪ್ಪನಿಗೆ ಅನ್ಯಾಯ, ನಿಜ ಬರೆದರೆ ಅಪ್ಪನಿಗೆ ಅವಮಾನ. ಪೆನ್ನು ತೆಗೆದು ಆ ಪುಟಕ್ಕೆ ಅಡ್ಡಗೆರೆ ಎಳೆದು, “ಎರಡೂ ಬೇಡ, ಬೀಡಿ ಹೇಗೆ ಕಟ್ಟುದು ಅಂತ ಮಾತ್ರ ಬರೀತೇನೆ, ಸರಿಯಾಗಿ ಹೇಳಮ್ಮ” ಎಂದೆ.

ಅಮ್ಮ ಬೀಡಿ ಕಟ್ಟುವುದು ಬಿಟ್ಟು ಮೂವತ್ತು ವರ್ಷವಾಗುತ್ತ ಬಂದಿದೆ. ಆದರೂ ಉತ್ಸಾಹದಿಂದ, ಗೆರೆ ಹೊಡೆದ ಆ ಪುಟವನ್ನೇ ಎಲೆಯ ಅಳತೆಗೆ ಕತ್ತರಿಸಿದಳು. ಹೊಗೆಸೊಪ್ಪಿಗೆ ಬದಲು ತಮ್ಮನ ಹೆಂಡತಿ ಚಾ ಹುಡಿಯ ಡಬ್ಬಿ, ಜೊತೆಗೆ ಹೊಲಿಗೆಯ ನೂಲು ತಂದಿಟ್ಟಳು. ಅಮ್ಮ ಸುತ್ತಿದಳು, ಬಿಚ್ಚಿಕೊಂಡಿತು. ಮತ್ತೆ ಸುತ್ತಿ ತುದಿ ಮಡಚಿದಳು, ಹುಡಿಯೆಲ್ಲ ಸೀರೆಗೆ. ಅಪ್ಪ ಪೇಪರಿನ ಮೇಲಿಂದ ನೋಡಿದರು. ಪೇಪರು ಓದಿದರು. ಪುನಃ ನೋಡಿದರು. ಮೂರನೆಯದೂ ಬಿಚ್ಚಿಕೊಂಡಾಗ ತಡೆಯಲಾಗಲಿಲ್ಲ.

“ಹಾಗಲ್ಲ ಮಾರಾಯ್ತಿ! ಎಂತ ಹಿಟ್ಟು ಕಲಸ್ತಿದ್ದೀಯಾ? ಇತ್ತ ತಾ.”

ನಡುಗುವ ಕೈ, ಚಾ ಲೋಟ ಹಿಡಿದರೆ ಚೆಲ್ಲುವ ಕೈ. ಕಾಗದದ ಚೂರು ಸಿಕ್ಕಿದೊಡನೆ ನಡುಕ ಎಲ್ಲಿ ಹೋಯಿತೋ ಗೊತ್ತಿಲ್ಲ. ಹೆಬ್ಬೆರಳೊಂದು ಸಲ ಉರುಳಿತು, ಉಗುರಿನಿಂದ ಬೀಡಿಯ ಬಾಯಿ ಮಡಚಿಕೊಂಡಿತು, ನೂಲು ಎರಡು ಸುತ್ತು ಬಂತು. ಎಂಟು ಬೀಡಿ ಸಾಲಾಗಿ ಮೊಣಕಾಲಿನ ಮೇಲೆ. ಒಂದರ ಮೈಮೇಲೆ ‘ಮಲಗಿರು’ ಎಂಬ ನನ್ನ ಅಕ್ಷರ ಕಾಣುತ್ತಿತ್ತು.

“ಮಾವ, ನಿಮಗೆ ಇದನ್ನು ಯಾರು ಕಲಿಸಿದ್ದು?” ತಮ್ಮನ ಹೆಂಡತಿ ಬೆರಗಾಗಿ ಕೇಳಿದಳು.

“ಇವಳು,” ಅಪ್ಪ ಗದ್ದ ಎತ್ತಿ ಅಮ್ಮನನ್ನು ತೋರಿಸಿದರು. ಸೊಸೆ ನಗಲಿಲ್ಲ. ಒಂದು ಬೀಡಿ ಎತ್ತಿ, ತಿರುಗಿಸಿ ನೋಡಿ, “ಎಷ್ಟು ಚಂದ ಉಂಟು ಮಾವ” ಎಂದಳು. ಅಪ್ಪ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಬಹುಶಃ ನಲವತ್ತು ವರ್ಷದಿಂದ ಹೆದರಿದ್ದ ಆ ನಗು ಎಲ್ಲಿ ಎಂದು ಹುಡುಕುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿದರು.

“ಬರ್ಕೋ. ಬಾಯಿ ಮಡಚುವಾಗ ಎಡಗೈ ಸಡಿಲ ಬಿಡ್ಬಾರ್ದು. ನನ್ನ ಹೆಸರು ಹಾಕು. ಇವಳದಕ್ಕಿಂತ ನನ್ನ ಬೀಡಿ ಗಟ್ಟಿ ಇತ್ತು ಅಂತಲೂ ಹಾಕು.”

“ಓಹೋ!” ಅಮ್ಮ ಸೀರೆಯ ಚಾ ಹುಡಿ ಕೊಡವಿದಳು. “ಬ್ರಾಂಚಿನವರು ಆರಿಸಿ ಬಿಸಾಡಿದ್ದೆಲ್ಲ ಯಾರದ್ದು ಅಂತ ನಂಗೆ ಗೊತ್ತುಂಟು. ಮನೆಗೆ ಬಂದು ಹೇಳ್ಲಿಲ್ಲ, ಅಷ್ಟೇ.”

“ಯಾವಾಗ ಬಿಸಾಡಿದ್ರು? ಒಂದು ದಿನ ಹೇಳು ನೋಡುವ!”

ಊಟದ ಹೊತ್ತು ದಾಟಿದರೂ ಜಗಳ ಮುಗಿಯಲಿಲ್ಲ. ಅಪ್ಪ ಸಾಕ್ಷಿ ಕೇಳುತ್ತಿದ್ದರು, ಅಮ್ಮನ ಬಳಿ ಸಾಕ್ಷಿ ಇರಲಿಲ್ಲ, ಆ ಕಾಲಕ್ಕೆ ನನ್ನ ಡೈರಿ ಇನ್ನೂ ಹುಟ್ಟಿರಲಿಲ್ಲ. ಸೋಮವಾರ ಒಪ್ಪಿಸಿದ ಪೀಠಿಕೆಯಲ್ಲಿ ಹೀಗೆ ಬರೆದಿದ್ದೇನೆ: ‘ಈ ಮನೆಯಲ್ಲಿ ಬೀಡಿ ಕಟ್ಟಿದವರು ಇಬ್ಬರು. ಯಾರದು ಹೆಚ್ಚು ಗಟ್ಟಿಯಾಗಿತ್ತು ಎಂಬ ಬಗ್ಗೆ ಇಬ್ಬರಲ್ಲೂ ಭಿನ್ನಾಭಿಪ್ರಾಯವಿದೆ. ಸಂಶೋಧಕಿ ಇಬ್ಬರನ್ನೂ ನಂಬುತ್ತಾಳೆ.’ ಇದು ಶಾಸ್ತ್ರೀಯ ಕ್ರಮ ಅಲ್ಲ ಎಂದು ಮೇಡಂ ಪೆನ್ನು ಎತ್ತಿದರು. ಇನ್ನೊಮ್ಮೆ ಓದಿದರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ, “ನಮ್ಮ ಅಪ್ಪನನ್ನೂ ಒಂದು ಮಾತು ಕೇಳ್ಬೇಕು” ಎಂದರು.